ಎರಡು ಗಂಟೆಯ ಗಂಟು

ಪರ್ಷಿಯಾದ ರಾಣಿ ಅಟೋಸಾಳಿಗೆ ಎದೆಯಲ್ಲೊಂದು ಗಂಟಾಯಿತಂತೆ. ಸಣ್ಣದಿದ್ದಾಗ ನಾಚಿಕೊಂಡು ಯಾರಿಗೂ ಹೇಳದೆ ಮುಚ್ಚಿಟ್ಟಳು. ಅದು ಒಡೆದು ಹರಡತೊಡಗಿದ ಮೇಲೆ ಆಸ್ಥಾನದಲ್ಲಿದ್ದ ಗ್ರೀಕ್ ವೈದ್ಯ ಡೆಮೊಸಿಡಿಸ್‌ನನ್ನು ಕರೆಸಿದಳು. ಅವನು ವಾಸಿ ಮಾಡುವ ಮೊದಲೇ ಆಣೆ ಹಾಕಿಸಿಕೊಂಡ: ಕೇಳಿದ್ದನ್ನು ನಡೆಸಿಕೊಡಬೇಕು, ಮಾನಗೆಟ್ಟದ್ದೇನನ್ನೂ ಕೇಳುವುದಿಲ್ಲ. ವಾಸಿಯಾಯಿತು. ಕೊಟ್ಟ ಮಾತಿನಂತೆ ರಾಣಿ ಒಂದು ರಾತ್ರಿ ಹಾಸಿಗೆಯಲ್ಲಿ ಗಂಡ ಡೇರಿಯಸ್‌ಗೆ ಗ್ರೀಸಿನ ಮೇಲೆ ದಂಡೆತ್ತಿ ಹೋಗಬಾರದೇ ಎಂದು ಕಿವಿಯೂದಿದಳು. ವೈದ್ಯನ ಮನಸ್ಸಿನಲ್ಲಿ ದೊಡ್ಡ ರಾಜಕಾರಣವೇನೂ ಇರಲಿಲ್ಲ. ದಾರಿ ತೋರಿಸುವವನಾಗಿ ಹೊರಟು ತನ್ನ ಊರು ಸೇರಿಕೊಳ್ಳಬೇಕು, ಅಷ್ಟೆ. ಸೇರಿಕೊಂಡ. ಕ್ರಿ.ಪೂ. 5ನೇ ಶತಮಾನದಲ್ಲಿ ಇದನ್ನು ಬರೆದಿಟ್ಟ ಹೆರೊಡೋಟಸ್‌ನಿಗೆ ಅಲ್ಲಿಂದ ಮುಂದೆ ಹಡಗು, ದಂಡು, ಯುದ್ಧ. ರಾಣಿಯ ಎದೆಯ ಸುದ್ದಿ ಅಲ್ಲಿಗೆ ಮುಗಿಯಿತು.

ನನಗೆ ಬೇಕಿದ್ದ ಕಥೆ ಅಲ್ಲಿಂದ ಮುಂದಿನದು. ವಾಸಿಯಾದ ಮರುವರ್ಷ, ಅದರ ಮರುವರ್ಷ, ದಾಸಿಯರು ಎಣ್ಣೆ ತಿಕ್ಕುವಾಗ ರಾಣಿ ನಿಶ್ಚಿಂತೆಯಿಂದ ಕೂತಿರುತ್ತಿದ್ದಳೇ? ಅಥವಾ ಯಾರಿಗೂ ಕಾಣದ ಹಾಗೆ ತನ್ನ ಕೈಯನ್ನು ಒಂದು ಸಲ ಆ ಜಾಗಕ್ಕೆ ಕಳಿಸಿ ವಿಚಾರಿಸಿಕೊಳ್ಳುತ್ತಿದ್ದಳೇ?

ಇಂಗ್ಲಿಷ್ ಕಾದಂಬರಿಗಾರ್ತಿ ಫ್ಯಾನಿ ಬರ್ನಿಯದೂ ಇದೇ ಪಾಡು. 1811ರ ಸೆಪ್ಟೆಂಬರ್ 30ರಂದು ಪ್ಯಾರಿಸ್ಸಿನ ಮನೆಯಲ್ಲಿ ಅವಳ ಬಲ ಮೊಲೆಯನ್ನು ಕೊಯ್ದು ತೆಗೆದರು. ಕೊಯ್ದವನು ನೆಪೋಲಿಯನ್ನನ ಸೇನಾ ವೈದ್ಯ ಲ್ಯಾರಿ. ಈಥರ್ ಕೊಟ್ಟು ಪ್ರಜ್ಞೆ ತಪ್ಪಿಸುವ ಪದ್ಧತಿ ಬರಲು ಇನ್ನೂ 35 ವರ್ಷ ಇತ್ತು. ಕಪ್ಪು ಬಟ್ಟೆ ತೊಟ್ಟ ಏಳು ಗಂಡಸರು ಹೇಳದೆ ಕೇಳದೆ ಕೋಣೆಗೆ ನುಗ್ಗಿದ್ದನ್ನೂ, ಕತ್ತಿ ಎಲುಬಿಗೆ ತಾಗಿದ್ದನ್ನೂ ಅವಳು ಅಕ್ಕನಿಗೆ ಬರೆದ ಕಾಗದದಲ್ಲಿ ಹೇಳಿದ್ದಾಳೆ. ಓದಿದರೆ ಹೊಟ್ಟೆ ತೊಳಸುತ್ತದೆ. ಆದರೆ ಅವಳು ಬದುಕಿದ್ದು 1840ರವರೆಗೆ! 28 ವರ್ಷ! ಎಲ್ಲರೂ ಆ ಒಂದು ಮಧ್ಯಾಹ್ನದ ಬಗ್ಗೆ ಬರೆಯುತ್ತಾರೆ. ಆ 28 ವರ್ಷಗಳ ಎಷ್ಟು ಬೆಳಗುಗಳಲ್ಲಿ ಅವಳು ಒಳಅಂಗಿ ತೊಡುವ ಮೊದಲು ಒಂದು ಗಳಿಗೆ ನಿಂತಿರಬಹುದು ಎಂದು ಯಾರೂ ಕೇಳುವುದಿಲ್ಲ.

ನಮ್ಮಲ್ಲೂ ಹಾಗೇ. ‘ಕ್ಯಾನ್ಸರ್ ಗೆದ್ದವರು’ ಎಂಬ ಶೀರ್ಷಿಕೆ, ಕೂದಲು ಮತ್ತೆ ಬಂದ ಫೋಟೊ, ಕಡೆಯಲ್ಲಿ ಒಂದು ನಗು. ಮಹಿಳಾ ದಿನಾಚರಣೆಗೆ ನಮ್ಮ ಬಡಾವಣೆಯ ಸಮಾಜದವರು ನನ್ನನ್ನೂ ಕೂರಿಸಿ ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಟ್ಟರು. ನಿರೂಪಣೆ ಮಾಡುತ್ತಿದ್ದ ಹುಡುಗಿ ‘ಮಹಾಮಾರಿಯನ್ನು ಮಣಿಸಿ ಬಂದ ಧೀರೆ’ ಎಂದಳು. ಮಣಿಸಿದವರು ಡಾಕ್ಟರು, ನಾನು ಮಲಗಿದ್ದೆ. ಅದಿರಲಿ, ಧೀರೆಯ ಕೈ ಆ ಹೊತ್ತಿಗೆ ಶಾಲಿನೊಳಗೆ ಎಲ್ಲಿತ್ತು ಎಂಬುದು ಪಕ್ಕದಲ್ಲಿ ಕೂತಿದ್ದ ಅಧ್ಯಕ್ಷೆಗೂ ಗೊತ್ತಿರಲಿಲ್ಲ. ಕನ್ನಡದಲ್ಲಿ ಈ ರೋಗದ ಬಗ್ಗೆ ಮುಚ್ಚುಮರೆಯಿಲ್ಲದೆ ಬರೆದವರಿದ್ದಾರೆ. ಕಿಮೋ ನಡೆಯುತ್ತಿದ್ದಾಗ ಗೆಳತಿಯೊಬ್ಬಳು ತಂದುಕೊಟ್ಟ ಬಿ.ವಿ. ಭಾರತಿಯವರ ‘ಸಾಸಿವೆ ತಂದವಳು’ ಈಗಲೂ ನನ್ನ ಕಪಾಟಿನಲ್ಲಿದೆ. ಆದರೆ ಸನ್ಮಾನಕ್ಕೆ ಕರೆಯುವವರಿಗೆ ಪುಸ್ತಕದಷ್ಟು ಪುರುಸೊತ್ತು ಎಲ್ಲಿರುತ್ತದೆ?

ಎದೆಯ ಡಾಕ್ಟರುಗಳ ಲೆಕ್ಕದಲ್ಲಿ ಪ್ರತಿ ಮೊಲೆಗೂ ಒಂದು ಗಡಿಯಾರ ಉಂಟು. ತೊಟ್ಟು ಅದರ ನಡು. ಎದುರು ನಿಂತು ನೋಡುವವರಿಗೆ ಮೇಲ್ಗಡೆ ಹನ್ನೆರಡು, ಕೆಳಗಡೆ ಆರು. ನನ್ನ ಮೊದಲಿನ ಗಂಟು ಇದ್ದದ್ದು ಎಡಗಡೆ, ಎರಡು ಗಂಟೆಯ ಜಾಗದಲ್ಲಿ, ಅಂದರೆ ಕಂಕುಳಿನ ಕಡೆಗೆ ವಾಲಿದ ಮೇಲ್ಭಾಗದಲ್ಲಿ. ಹೆಚ್ಚಿನವರಿಗೆ ರೋಗ ಶುರುವಾಗುವುದೂ ಅಲ್ಲೇ. ಗಂಟನ್ನಷ್ಟೇ ತೆಗೆದು ಮೊಲೆ ಉಳಿಸಿ, ಕಂಕುಳಿನ ಗ್ರಂಥಿಗಳನ್ನು ತೆಗೆದು, ಕಿಮೋ ಕೊಟ್ಟು, ಕಡೆಗೆ ರೇಡಿಯೇಷನ್ ಕೊಟ್ಟು ಕಳಿಸಿದ್ದರು. ರೇಡಿಯೇಷನ್ನಿಗೆ ವಾರ್ಡಿನಲ್ಲಿ ಎಲ್ಲರೂ ಹೇಳುತ್ತಿದ್ದದ್ದು ‘ಕರೆಂಟು ಕೊಡೋದು’. ನಮ್ಮ ಯಜಮಾನರು ಮೆಸ್ಕಾಂನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ‘ಜೀವಮಾನವೆಲ್ಲ ಊರಿಗೆ ಕರೆಂಟು ಕೊಟ್ಟೆ, ನಿನಗೆ ಮಾತ್ರ ಬೆಂಗಳೂರಿನವರೇ ಕೊಡಬೇಕಾಯ್ತು ನೋಡು’ ಎಂದು ಆಗ ನಗಿಸುತ್ತಿದ್ದರು.

ಚಿಕಿತ್ಸೆ ಮುಗಿದು ಕೆಲವು ವರ್ಷಗಳಾಗಿ, ದಿನಕ್ಕೊಂದು ಮಾತ್ರೆಯ ಬದುಕು ಅಭ್ಯಾಸವಾಗಿದ್ದ ಹೊತ್ತು. ಗೌರಿ ಹಬ್ಬಕ್ಕೆ ಒಂದು ವಾರ ಇತ್ತು. ಸ್ನಾನ ಮಾಡುವಾಗ ಸೋಪಿನ ಕೈಗೆ ಅದು ಸಿಕ್ಕಿತು. ಎಡಗಡೆ, ಎರಡು ಗಂಟೆ. ಹಳೆಯ ಗಾಯದ ಗೆರೆಯ ಪಕ್ಕದಲ್ಲೇ.

ಗಂಟಿನ ಅಳತೆ ಹೇಳುವಾಗ ಡಾಕ್ಟರಿಗೆ ಸೆಂಟಿಮೀಟರು ಬೇಕು, ನಮಗೆ ಅಡುಗೆಮನೆ ಸಾಕು. ತೊಗರಿಕಾಳು, ಅವರೆಕಾಳು, ಹುಣಸೆಬೀಜ, ನೆಲ್ಲಿಕಾಯಿ. ಮೊದಲ ಸಲದ್ದು ನೆಲ್ಲಿಕಾಯಿ ಆಗುವವರೆಗೆ ನನಗೆ ಗೊತ್ತಾಗಿರಲಿಲ್ಲ. ಇದು ಹುಣಸೆಬೀಜ.

ಆಮೇಲೆ ನಡೆಯುವುದನ್ನು ಈ ರೋಗ ಕಂಡ ಹೆಂಗಸರೆಲ್ಲ ಬಲ್ಲರು. ಒತ್ತಿ ನೋಡುವುದು. ಕೈಯೆತ್ತಿ ಒತ್ತುವುದು, ಮಲಗಿ ಒತ್ತುವುದು, ಬಲಗಡೆ ಅದೇ ಜಾಗದಲ್ಲಿ ಒತ್ತಿ ತಾಳೆ ನೋಡುವುದು. ಬಲಗಡೆಯ ಗಡಿಯಾರ ತಿರುಗುಮುರುಗು, ಅಲ್ಲಿ ಹತ್ತು ಗಂಟೆ ಹುಡುಕಬೇಕು. ಸಾಯಂಕಾಲದ ಹೊತ್ತಿಗೆ ಒತ್ತಿದ ಜಾಗ ನೋಯತೊಡಗುತ್ತದೆ. ‘ಕ್ಯಾನ್ಸರ್ ಗಂಟು ನೋಯಲ್ಲ’ ಎಂದು ಯಾವತ್ತೋ ಯಾರೋ ಹೇಳಿದ್ದು ನೆನಪಾಗಿ, ನೋವು ಬಂತಲ್ಲ ಎಂದು ಸಂತೋಷವಾಗುತ್ತದೆ. ಆ ಮಾತು ಪೂರ್ತಿ ನಿಜವಲ್ಲ, ನೋಯುವ ಕ್ಯಾನ್ಸರ್ ಗಂಟುಗಳೂ ಉಂಟು. ಅಲ್ಲದೆ ಈ ನೋವು ತಂದದ್ದು ಗಂಟಲ್ಲ, ನನ್ನ ಬೆರಳು. ಇದೆಲ್ಲ ತಿಳಿದಿದ್ದೂ ಸಂತೋಷಪಡುತ್ತೇವೆ.

ರಾತ್ರಿ ಯಜಮಾನರನ್ನು ಕರೆದೆ. ‘ರೀ, ಇಲ್ಲಿ ಸ್ವಲ್ಪ ಮುಟ್ಟಿ ನೋಡಿ.’ ಮದುವೆಯಾಗಿ ಮೂವತ್ತು ವರ್ಷ ದಾಟಿದ ಮೇಲೆ ಆ ಮಾತಿಗೆ ಬರುವ ಅರ್ಥವೇ ಬೇರೆ. ಅವರು ಕನ್ನಡಕ ಹಾಕಿಕೊಂಡು ಬಂದರು. ಮುಟ್ಟಿ ನೋಡುವುದಕ್ಕೆ ಕನ್ನಡಕ ಯಾಕೋ. ಬಹಳ ಹೊತ್ತು ನೋಡಿ, ‘ಇದ್ದ ಹಾಗೂ ಇದೆ, ಇಲ್ಲದ ಹಾಗೂ ಇದೆ’ ಎಂದರು. ಆಮೇಲೆ ಇಬ್ಬರೂ ನಿದ್ದೆ ಬಂದವರ ಹಾಗೆ ಮಲಗಿದೆವು.

ಬೆರಳಿನ ಬುದ್ಧಿ ಎಷ್ಟು ಎಂಬುದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. ಚೀನಾದ ಶಾಂಘೈನಲ್ಲಿ ಬಟ್ಟೆ ಗಿರಣಿಗಳ 2.66 ಲಕ್ಷ ಹೆಂಗಸರನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ಎದೆಯನ್ನು ತಾವೇ ಪರೀಕ್ಷಿಸಿಕೊಳ್ಳುವುದನ್ನು ಚೆನ್ನಾಗಿ ಕಲಿಸಿ, ವರ್ಷಗಟ್ಟಲೆ ನೋಡಿದರು. 2002ರಲ್ಲಿ ಕಡೆಯ ಲೆಕ್ಕ ಬಂತು. ಕಲಿತವರಲ್ಲೂ ಕಲಿಯದವರಲ್ಲೂ ಸ್ತನ ಕ್ಯಾನ್ಸರಿನಿಂದ ಸತ್ತವರ ಪ್ರಮಾಣ ಒಂದೇ. ಕಲಿತವರಿಗೆ ಹೆಚ್ಚಾಗಿ ಸಿಕ್ಕಿದ್ದು ಏನೂ ಅಲ್ಲದ ಗಂಟುಗಳು, ಅವುಗಳಿಗೆ ಚುಚ್ಚಿಸಿಕೊಂಡ ಸೂಜಿಗಳು. ಅಂದಿನಿಂದ ಆರೋಗ್ಯವಾಗಿರುವ ಹೆಂಗಸರಿಗೆ ತಿಂಗಳ ಕವಾಯತು ಕಡ್ಡಾಯವೇನಲ್ಲ, ಮೈಯ ಪರಿಚಯ ಇಟ್ಟುಕೊಳ್ಳಿ, ಬದಲಾವಣೆ ಕಂಡರೆ ತೋರಿಸಿ ಎನ್ನುವ ಡಾಕ್ಟರೇ ಹೆಚ್ಚು. ನನಗೆ ಇದು ಒಪ್ಪಿಗೆ. ಆದರೆ ಒಂದು ಸಲ ಬೆರಳಿಗೆ ನೆಲ್ಲಿಕಾಯಿ ಸಿಕ್ಕಿದ ಹೆಂಗಸಿನ ಬೆರಳಿಗೆ ಈ ನಿವೃತ್ತಿ ಆದೇಶ ತಲುಪುವುದೇ ಇಲ್ಲ.

ಬೆಳಿಗ್ಗೆ ಆಸ್ಪತ್ರೆಗೆ ಫೋನು ಮಾಡಿ ದಿನ ಕೇಳಿದೆ. ನಾದಿನಿಗೆ ಕೋಪ ಬಂತು. ‘ಹಬ್ಬ ಕಳೀಲಿ ಅತ್ತಿಗೆ. ಬಾಗಿನ ಕೊಡೋ ಹೊತ್ತಲ್ಲಿ ಯಾಕೆ ಅಪಶಕುನ?’ ಎಂದಳು. ಹಬ್ಬ ಕಳೀಲಿ, ಮದುವೆ ಮುಗೀಲಿ, ಅಡಿಕೆ ಕೊಯ್ಲಾಗಲಿ, ಮಗಳ ಪರೀಕ್ಷೆ ಆಗಲಿ. 2022ರಲ್ಲಿ ನಮ್ಮ ದೇಶದಲ್ಲಿ ಹೊಸದಾಗಿ ಈ ರೋಗ ಬಂದ ಹೆಂಗಸರು ಸುಮಾರು 1.92 ಲಕ್ಷ ಎಂದು ಅಂತರರಾಷ್ಟ್ರೀಯ ಅಂದಾಜು. ಅವರಲ್ಲಿ ಅನೇಕರು ರೋಗ ಬಲಿತ ಮೇಲೆ ಬರುತ್ತಾರೆ. ಅದಕ್ಕೆ ದೂರ, ದುಡ್ಡು, ಕರೆದುಕೊಂಡು ಹೋಗುವವರಿಲ್ಲದ್ದು ಎಲ್ಲವೂ ಕಾರಣ. ಪಂಚಾಂಗವನ್ನೂ ನಾನು ಆ ಪಟ್ಟಿಗೆ ಸೇರಿಸುತ್ತೇನೆ. ಅಟೋಸಾಳನ್ನು ತಡೆದದ್ದು ನಾಚಿಕೆ. ನಮ್ಮನ್ನು ತಡೆಯುವುದು ನಾಳೆ ಮನೆಗೆ ಬರುವ ನೆಂಟರು.

ಸುದ್ದಿ ಹಬ್ಬಿದ ಮೇಲೆ ಸಲಹೆಗಳು ಬಂದವು. ಎದುರುಮನೆಯವರು ಲಕ್ಷ್ಮಣಫಲದ ಎಲೆ ತಂದುಕೊಟ್ಟು ಕಷಾಯ ಮಾಡಿ ಕುಡಿ ಎಂದರು. ನಮ್ಮ ಜಿಲ್ಲೆಯವರಿಗೆ ಸೊಪ್ಪು-ತೊಗಟೆಯ ಮೇಲೆ ನಂಬಿಕೆ ಹೆಚ್ಚು. ಆನಂದಪುರದ ಹತ್ತಿರದ ನರಸೀಪುರದಲ್ಲಿ ಮರದ ತೊಗಟೆಯ ಔಷಧಿಗಾಗಿ ಎಲ್ಲೆಲ್ಲಿಂದಲೋ ಬಂದ ಜನ ರಾತ್ರಿಯಿಂದಲೇ ಸಾಲು ನಿಲ್ಲುತ್ತಿದ್ದುದನ್ನು ನಾವೆಲ್ಲ ಕಂಡವರೇ. ಸಿಗಂದೂರಮ್ಮನಿಗೆ ಹರಕೆ ಹೊತ್ತುಕೋ ಎಂದರು ಅತ್ತೆ. ಅದನ್ನು ಹೊತ್ತುಕೊಂಡೆ, ಹರಕೆಯಿಂದ ಹೊಟ್ಟೆ ಕೆಡುವುದಿಲ್ಲ.

ನನಗೆ ಸಹಿಸಲಾಗದ ಸಲಹೆ ಬೇರೆ. ‘ಯೋಚನೆ ಮಾಡ್ಬೇಡ, ಪಾಸಿಟಿವ್ ಆಗಿರು.’ ಯೋಚಿಸದೆ ಇರುವುದು ಹೇಗೆ ಎಂದು ಹೇಳಿಕೊಟ್ಟವರನ್ನು ನಾನು ಇನ್ನೂ ಕಂಡಿಲ್ಲ. ಅದಕ್ಕಿಂತ ಕೆಟ್ಟದ್ದು ಆ ಮಾತಿನ ಹಿಂದಿರುವ ಲೆಕ್ಕ: ರೋಗ ತಿರುಗಿ ಬಂದರೆ ನಿನ್ನ ಯೋಚನೆಯೇ ಕರೆದುಕೊಂಡು ಬಂತು ಅಂತ ಆಗುತ್ತದಲ್ಲ! ಗಂಟಿಗೆ ನನ್ನ ಮನಸ್ಸಿನ ಪರಿಚಯವೇ ಇಲ್ಲ. ನಗುನಗುತ್ತಾ ಇದ್ದವರಿಗೂ ತಿರುಗಿ ಬಂದಿದೆ. ಬೆಳಗಿನಿಂದ ರಾತ್ರಿಯವರೆಗೆ ಗೊಣಗುವ ನನ್ನ ಚಿಕ್ಕಮ್ಮ ಇದೇ ಕಾಯಿಲೆ ದಾಟಿ ಇವತ್ತಿಗೂ ಎಲ್ಲರ ತಲೆ ತಿನ್ನುತ್ತಿದ್ದಾಳೆ. ಭಯಪಟ್ಟವಳಿಗೆ ಬೇಕಾದ್ದು ಒಂದೇ ಮಾತು, ‘ತೋರಿಸಿದ್ಯಾ? ಯಾವಾಗ ಹೋಗ್ತೀಯ? ನಾನೂ ಬರ್ಲಾ?’ ಭಯಕ್ಕೆ ಕೈಯಲ್ಲೊಂದು ಟೋಕನ್ ಕೊಟ್ಟು ಸಾಲಿನಲ್ಲಿ ಕೂರಿಸಬೇಕು. ಆಗ ಅದು ಸ್ವಲ್ಪ ಸುಮ್ಮನಿರುತ್ತದೆ.

ಸ್ವಲ್ಪ ಮಾತ್ರ. ಮಾತ್ರೆಯಿಂದ ಗಂಟು-ಕೀಲು ನೋಯುವುದು ಹಲವರಿಗೆ ಇದ್ದದ್ದೇ, ಚೀಟಿಯಲ್ಲೇ ಬರೆದಿರುತ್ತದೆ. ಆದರೆ ಆ ವಾರ ಸೊಂಟ ಹಿಡಿದರೆ ಎಲುಬಿಗೆ ಬಂತೇ ಎನ್ನಿಸಿತು. ಒಗ್ಗರಣೆ ಘಾಟಿಗೆ ಕೆಮ್ಮಿದರೆ ಶ್ವಾಸಕೋಶ ಎನ್ನಿಸಿತು. ಕನ್ನಡಕ ಎಲ್ಲಿಟ್ಟೆ ಎಂದು ಮರೆತರೆ ತಲೆಗೇ ಏರಿತೇನೋ ಎಂದು ಹುಡುಕುವುದನ್ನೂ ನಿಲ್ಲಿಸಿ ಕೂತೆ. ಕನ್ನಡಕ ಯಜಮಾನರ ಮೂಗಿನ ಮೇಲಿತ್ತು; ಅವರದು ನನ್ನ ಹತ್ತಿರ ಇತ್ತು.

ಅಂಥ ರಾತ್ರಿಗಳಲ್ಲಿ ನಾನು ಅಂಕಿಗಳನ್ನು ಓದುತ್ತೇನೆ. ಕೆಲವರು ಲಲಿತಾ ಸಹಸ್ರನಾಮ ಓದುತ್ತಾರೆ. ಅಮೆರಿಕದ ಹಾಲ್‌ಸ್ಟೆಡ್ ಎಂಬ ಸರ್ಜನ್ 1882ರಿಂದ ಮೊಲೆಯ ಜೊತೆ ಎದೆಯ ಸ್ನಾಯುವನ್ನೂ ಕಂಕುಳಿನ ಗ್ರಂಥಿಗಳನ್ನೂ ಬಾಚಿ ತೆಗೆಯುವ ಆಪರೇಷನ್ ಶುರುಮಾಡಿದ. ಹೆಚ್ಚು ಕೊಯ್ದಷ್ಟೂ ಒಳ್ಳೆಯದು ಎಂದು ಮುಕ್ಕಾಲು ಶತಮಾನ ಎಲ್ಲರೂ ನಂಬಿದರು. ಪಿಟ್ಸ್‌ಬರ್ಗಿನ ಬರ್ನಾರ್ಡ್ ಫಿಶರ್ ಎಂಬಾತ ಸಹೋದ್ಯೋಗಿಗಳ ಬೈಗುಳ ತಿಂದುಕೊಂಡು, 1976ರಿಂದ ಎರಡು ಸಾವಿರಕ್ಕೂ ಹೆಚ್ಚು ಹೆಂಗಸರನ್ನು ಸೇರಿಸಿಕೊಂಡು ಪರೀಕ್ಷೆ ಮಾಡಿ ನೋಡಿದ. ಗಂಟಷ್ಟೇ ತೆಗೆದವರೂ ಇಡೀ ಮೊಲೆ ತೆಗೆದವರೂ ಬದುಕಿದ್ದು ಒಂದೇ ಸಮ ಎಂದು 1985ರಲ್ಲೇ ಹೇಳಿದ. 20 ವರ್ಷ ಕಾದು ನೋಡಿದ ಲೆಕ್ಕ 2002ರಲ್ಲಿ ಬಂದಾಗಲೂ ಅದೇ ಮಾತು. ಅದೇ ಲೆಕ್ಕದಲ್ಲಿ ನಮ್ಮಂಥವರು ಬೆರಳಿಟ್ಟು ಓದುವ ಇನ್ನೊಂದು ಸಾಲಿದೆ. ಗಂಟು ತೆಗೆಸಿಕೊಂಡು ರೇಡಿಯೇಷನ್ ಇಲ್ಲದೆ ಹೋದವರಲ್ಲಿ 20 ವರ್ಷದೊಳಗೆ ಅದೇ ಮೊಲೆಯಲ್ಲಿ ಮತ್ತೆ ರೋಗ ಬಂದದ್ದು ಶೇ. 39 ಮಂದಿಗೆ. ರೇಡಿಯೇಷನ್ ತೆಗೆದುಕೊಂಡವರಲ್ಲಿ ಶೇ. 14. ಈಗಿನ ಔಷಧಿಗಳ ಕಾಲದಲ್ಲಿ ಅದು ಇನ್ನೂ ಕಡಿಮೆ.

ಹಗಲು ಹೊತ್ತಿನಲ್ಲಿ ನಾನು 86ರಲ್ಲಿ ಒಬ್ಬಳು. ರಾತ್ರಿ ಎರಡು ಗಂಟೆಗೆ ಆ 14ರ ಗುಂಪಿನಲ್ಲಿ ಮುಂದಿನ ಸಾಲಿನಲ್ಲೇ ನಿಂತಿರುತ್ತೇನೆ.

ಇಲ್ಲೊಂದು ತಮಾಷೆಯಿದೆ. 39ನ್ನು 14ಕ್ಕೆ ಇಳಿಸಿದ ಅದೇ ಕರೆಂಟು ಗಂಟುಗಳನ್ನೂ ಮಾಡುತ್ತದೆ. ಕತ್ತರಿ ಆಡಿದ ಜಾಗದಲ್ಲಿ, ಕಿರಣ ಬಿದ್ದ ಜಾಗದಲ್ಲಿ ಕೊಬ್ಬಿನ ಜೀವಕೋಶಗಳು ರಕ್ತ ಸಾಲದೆ ಸಾಯುತ್ತವೆ. ಮೈ ಅದನ್ನು ಸುತ್ತುವರಿದು ಗಟ್ಟಿ ಮಾಡಿ ಇಟ್ಟುಬಿಡುತ್ತದೆ. ಫ್ಯಾಟ್ ನೆಕ್ರೋಸಿಸ್ ಎಂದು ಅದರ ಹೆಸರು. ತಿಂಗಳುಗಳು ಕಳೆದ ಮೇಲೆ, ಕೆಲವೊಮ್ಮೆ ವರ್ಷಗಳೇ ಕಳೆದ ಮೇಲೆ ಕಾಣಿಸಿಕೊಳ್ಳುತ್ತದೆ. ಗಟ್ಟಿಯಾಗಿ, ಅಂಕುಡೊಂಕಾಗಿ, ಚರ್ಮವನ್ನು ಒಳಕ್ಕೆ ಎಳೆದುಕೊಂಡು, ಥೇಟು ಕ್ಯಾನ್ಸರಿನ ವೇಷ ಹಾಕಿಕೊಂಡೇ ಬರುತ್ತದೆ. ಹೊಲಿಗೆಯ ದಾರದ ಸುತ್ತ ಗಂಟಾಗುವುದುಂಟು, ಗಾಯದ ಕಲೆ ದಪ್ಪವಾಗುವುದುಂಟು, ನೀರು ತುಂಬಿದ ಚೀಲವೂ ಉಂಟು. ರೋಗ ತಿರುಗಿ ಬರುವುದೂ ಅದೇ ಗೆರೆಯ ಪಕ್ಕದಲ್ಲಿ. ಯಾವುದು ಯಾವುದೆಂದು ಬೆರಳಿಗೆ ತಿಳಿಯುವುದಿಲ್ಲ. ಅನುಭವಸ್ಥ ಸರ್ಜನ್ನರ ಬೆರಳಿಗೂ ಎಷ್ಟೋ ಸಲ ತಿಳಿಯುವುದಿಲ್ಲ. ಸೂಜಿಗೆ ತಿಳಿಯುತ್ತದೆ.

ಬೆಳಗಿನ ಜನಶತಾಬ್ದಿಯಲ್ಲಿ ಬೆಂಗಳೂರಿಗೆ ಹೊರಟೆವು. ಮಡಿಲಲ್ಲಿ ಫೈಲು. ಕ್ಯಾನ್ಸರ್ ರೋಗಿಯ ಫೈಲು ಎಂದರೆ ಒಂದು ಪಾಪು ಇದ್ದ ಹಾಗೆ ಎಂದು ಬರೆಯಲು ಹೊರಟಿದ್ದೆ, ಬೇಡ. ಪಾಪುವನ್ನು ಎದುರು ಸೀಟಿನವರ ಕೈಗೆ ಕೊಡಬಹುದು.

ಕಾಯುವ ಹಾಲಿನಲ್ಲಿ ನನ್ನ ಪಕ್ಕ ಕೂತಿದ್ದವರು ಕೊಪ್ಪಳ ಕಡೆಯ ಅಜ್ಜಿ. ಇಳಕಲ್ ಸೀರೆಯ ಸೆರಗು ತಲೆಯ ಮೇಲೆ, ಎಡಗೈ ಬಾತುಕೊಂಡಿತ್ತು. ಕಂಕುಳಿನ ಗ್ರಂಥಿ ತೆಗೆದವರಿಗೆ ಕೆಲವರಿಗೆ ಹಾಗಾಗುತ್ತದೆ. ಹೊಸ ನರ್ಸು ಅದೇ ಕೈಗೆ ಬಿಪಿ ಪಟ್ಟಿ ಸುತ್ತಲು ಬಂದಾಗ ಹಾಲಿನಲ್ಲಿದ್ದ ಹೆಂಗಸರೆಲ್ಲ ಒಟ್ಟಿಗೇ ‘ಆ ಕೈ ಬೇಡ!’ ಎಂದು ಕೂಗಿದೆವು. ಅಷ್ಟು ದೊಡ್ಡ ಮೇಳ ನಾನು ಯಾವ ಸಂಗೀತ ಕಛೇರಿಯಲ್ಲೂ ಕೇಳಿರಲಿಲ್ಲ.

‘ನಿಂದೇನವ್ವಾ?’ ಎಂದು ಅಜ್ಜಿ ಕೇಳಿದರು.

‘ಗಂಟು ಸಿಕ್ಕಿದೆ ಅಜ್ಜಿ. ಹಳೇ ಜಾಗದಲ್ಲೇ.’

‘ನಂಗೂ ಹೋದ್ ವರ್ಸ ಸಿಕ್ಕಿತ್ತವಾ. ಸೂಜಿ ಚುಚ್ಚಿ ಏನೂ ಇಲ್ಲ ಅಂದ್ರು. ಈ ವರ್ಸ ಮತ್ತೊಂದ್ ಸಿಕ್ಕೈತಿ. ಇದಕ್ಕೇನಂತಾರೋ. ನೀ ಬುತ್ತಿ ತಂದೀಯೇನು? ಇಲ್ಲಿ ಮಧ್ಯಾಹ್ನ ಮೂರು ಆಕ್ಕೈತಿ ನೋಡು.’

ನಮ್ಮ ಸರ್ಜನ್ ನನ್ನ ಮಗಳ ವಯಸ್ಸಿನವಳು. ಬೆರಳ ತುದಿಯಲ್ಲಲ್ಲ, ಬೆರಳಿನ ಮೆತ್ತನೆಯ ಭಾಗದಲ್ಲಿ ಸಣ್ಣ ಸಣ್ಣ ಸುತ್ತು ಹಾಕುತ್ತಾ ನೋಡಿದಳು. ಮುಖ ನೋಡಿ ಉತ್ತರ ಓದುವ ಅಭ್ಯಾಸ ನಮಗಿರುತ್ತದೆಂದು ಅವಳಿಗೂ ಗೊತ್ತು. ಅದಕ್ಕೇ ಗೋಡೆ ನೋಡುತ್ತಾಳೆ. ‘ಇದೆ ಅಮ್ಮ. ಮ್ಯಾಮೊಗ್ರಾಂ, ಅಲ್ಟ್ರಾಸೌಂಡ್ ಎರಡೂ ಮಾಡೋಣ’ ಎಂದಳು. ಇದೆ ಎಂದ ಕೂಡಲೇ ನನಗೆ ಯಾಕೋ ಒಂದು ಬಗೆಯ ಸಮಾಧಾನವಾಯಿತು. ಇಷ್ಟು ದಿನ ನಾನು, ಯಜಮಾನರು, ಮತ್ತೆ ಗಂಟು, ಮೂರೇ ಜನ ಇದ್ದೆವು.

‘ಒಂದು ಪೆಟ್ ಸ್ಕ್ಯಾನೂ ಮಾಡಿಸಿಬಿಡಿ ಡಾಕ್ಟ್ರೇ, ತಲೆಯಿಂದ ಕಾಲಿನವರೆಗೆ ಗೊತ್ತಾಗಿಬಿಡಲಿ’ ಎಂದೆ.

‘ಈಗ ಬೇಡ’ ಎಂದಳು. ಸತ್ತ ಕೊಬ್ಬಿನ ಗಂಟೂ ಪೆಟ್ ಸ್ಕ್ಯಾನಿನಲ್ಲಿ ಹೊಳೆಯುತ್ತದಂತೆ. ಲಕ್ಷಣವಿಲ್ಲದೆ ಮೈಯೆಲ್ಲ ಸ್ಕ್ಯಾನು ಮಾಡಿಸುತ್ತಾ ಹೋದರೆ ಆಯುಷ್ಯ ಹೆಚ್ಚುವುದಿಲ್ಲ ಎಂದು ಇಟಲಿಯಲ್ಲಿ ತಲಾ ಸಾವಿರಕ್ಕೂ ಹೆಚ್ಚು ಹೆಂಗಸರ ಮೇಲೆ ನಡೆದ ಎರಡು ಅಧ್ಯಯನಗಳು 1994ರಲ್ಲೇ ಹೇಳಿವೆ. ಆಗ ಇದ್ದದ್ದು ಎಲುಬಿನ ಸ್ಕ್ಯಾನು, ಎದೆಯ ಎಕ್ಸ್-ರೇ, ಲಿವರಿನ ಅಲ್ಟ್ರಾಸೌಂಡ್, ಪೆಟ್ ಇರಲಿಲ್ಲ. ಇದನ್ನೇ ಹಿಡಿದುಕೊಂಡು ವಾದಿಸೋಣವೆಂದುಕೊಂಡೆ. ಅವಳು ಆಗಲೇ ಮುಂದಿನ ಫೈಲು ತೆರೆದಿದ್ದಳು.

ಮ್ಯಾಮೊಗ್ರಾಂನಲ್ಲಿ ಎದೆಯನ್ನು ಎರಡು ಹಲಗೆಗಳ ನಡುವೆ ಇಟ್ಟು ಒತ್ತುವುದನ್ನು ವರ್ಣಿಸುವ ಅಗತ್ಯವಿಲ್ಲ. ಮಾಡಿಸಿಕೊಂಡವರಿಗೆ ಗೊತ್ತು, ಮಾಡಿಸಿಕೊಳ್ಳಬೇಕಾದವರನ್ನು ಹೆದರಿಸಬಾರದು. ರಿಪೋರ್ಟಿನಲ್ಲಿ ಬೈರಾಡ್ಸ್ ಎಂಬ ಅಂಕಿ ಇರುತ್ತದೆ. 1 ಎಂದರೆ ಏನೂ ಇಲ್ಲ, 2 ನಿರಪಾಯ, 3 ಬಹುಪಾಲು ನಿರಪಾಯ, 5 ಎಂದರೆ ಬಹುಪಾಲು ಅದೇ. ನನಗೆ ಬಂದದ್ದು 4. ಈ 4ಕ್ಕೆ ಕ್ಯಾನ್ಸರ್ ಇರುವ ಸಾಧ್ಯತೆ ಶೇ. 2ರಿಂದ ಶೇ. 95ರವರೆಗೆ! ಶೇ. 2ರಿಂದ ಶೇ. 95ರವರೆಗೆ ಎಂದು ಹೇಳುವುದಕ್ಕೆ ಯಂತ್ರ ಯಾಕೆ ಬೇಕು, ನಮ್ಮ ಯಜಮಾನರು ಕನ್ನಡಕ ಹಾಕಿಕೊಂಡು ಅದನ್ನೇ ಹೇಳಿರಲಿಲ್ಲವೇ? ಆಮೇಲೆ ನೋಡಿದರೆ 4ರ ಪಕ್ಕದಲ್ಲಿ ಒಂದು ಪುಟ್ಟ ‘ಎ’ ಇತ್ತು. ‘ಎ’ ಇದ್ದರೆ ಶೇ. 2ರಿಂದ 10. ಅಷ್ಟು ದಿನ ಬಾಳಿದ್ದರಲ್ಲಿ ಒಂದು ಅಕ್ಷರಕ್ಕೆ ನಾನು ಅಷ್ಟು ಋಣಿಯಾಗಿದ್ದು ಅದೇ ಮೊದಲು.

4 ಬಂದ ಮೇಲೆ ಬಯಾಪ್ಸಿಯೇ. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟ ಡಾಕ್ಟರು ಚುಚ್ಚುವ ಮೊದಲು ಸೂಜಿಯ ಗನ್ನನ್ನು ಗಾಳಿಯಲ್ಲಿ ಒಮ್ಮೆ ಹೊಡೆದು ತೋರಿಸಿದರು. ‘ಟಕ್’ ಎಂದಿತು. ‘ಈ ಸದ್ದು ಬರುತ್ತೆ, ಬೆಚ್ಚಿಬೀಳಬೇಡಿ’ ಎಂದರು. ಪ್ರತಿ ಸಲವೂ ಬೆಚ್ಚಿಬಿದ್ದೆ. ತೆಗೆದ ಎಳೆಗಳನ್ನು ಫಾರ್ಮಲಿನ್ ಬಾಟಲಿಗೆ ಹಾಕುವಾಗ ಕತ್ತು ತಿರುಗಿಸಿ ನೋಡಿದೆ. ಶಾವಿಗೆಯ ತುಂಡಿನಷ್ಟೂ ಇಲ್ಲ, ಬಿಳಿಚಿಕೊಂಡಿದ್ದವು. ಇಷ್ಟು ಹೆದರಿಸಿದ್ದು ಇದೇನಾ ಎನ್ನಿಸಿತು.

ರಿಪೋರ್ಟು ಬರಲು ಕೆಲವು ದಿನ ಹಿಡಿಯುತ್ತದೆ. ಯಾಕೆ ಅಷ್ಟು ದಿನ ಎಂದು ಕೋಪಗೊಳ್ಳುವವರು ಒಮ್ಮೆ ಕೇಳಿ ತಿಳಿದುಕೊಳ್ಳಬೇಕು. ಎಳೆಯನ್ನು ಫಾರ್ಮಲಿನ್‌ನಲ್ಲಿ ನೆನೆಸಿ, ನೀರಿನಂಶ ತೆಗೆದು, ಮೇಣದಲ್ಲಿ ಹುದುಗಿಸಿ, ಕೂದಲಿಗಿಂತ ಎಷ್ಟೋ ಪಾಲು ತೆಳ್ಳಗೆ ಹೆರೆದು, ಗಾಜಿನ ಮೇಲೆ ಕೂರಿಸಿ ಬಣ್ಣ ಹಾಕುತ್ತಾರೆ. ಜೀವಕೋಶದ ನಡುವನ್ನು ನೇರಳೆಗೆ ತಿರುಗಿಸುವ ಬಣ್ಣ ಮಧ್ಯ ಅಮೆರಿಕದ ಒಂದು ಮರದ ಚೇಗಿನಿಂದ ಬರುವಂಥದು. ಹಿಂದೆ ಅದರಲ್ಲಿ ಬಟ್ಟೆಗೆ ಬಣ್ಣ ಕಟ್ಟುತ್ತಿದ್ದರಂತೆ. ಕಡೆಗೂ ಮರದ ತಿರುಳೇ ನನ್ನ ಹಣೆಬರಹ ತಿಳಿಸಬೇಕಾಯಿತಲ್ಲ ಎಂದು ಎದುರುಮನೆಯವರಿಗೆ ಹೇಳಿದೆ. ಅವರು ಅದರ ಕಷಾಯ ಸಿಗುತ್ತದೆಯೇ ಎಂದು ಕೇಳಿದರು.

ನನ್ನ ಎಳೆಗಳು ಬೆಂಗಳೂರಿನಲ್ಲಿ ಮೇಣದೊಳಗಿದ್ದಾಗ ಊರಲ್ಲಿ ಗೌರಿ ಹಬ್ಬ. ಬ್ಲೌಸಿನೊಳಗೆ ಬ್ಯಾಂಡೇಜು. ಮೊರದ ಬಾಗಿನಕ್ಕೆ ಬಳೆ, ಬಿಚ್ಚೋಲೆ, ಕನ್ನಡಿ, ಬೇಳೆ, ಬೆಲ್ಲ ಎಲ್ಲ ಎಣಿಸಿ ಇಟ್ಟೆ. ಹಿರಿಯರಿಗೆ ನಮಸ್ಕಾರ ಮಾಡಿದರೆ ‘ದೀರ್ಘಸುಮಂಗಲೀ ಭವ’ ಎಂದರು. ನೂರಾರು ಸಲ ಕೇಳಿದ ಆಶೀರ್ವಾದ. ಆ ದಿನ ಮಾತ್ರ ಲೆಕ್ಕ ಹಾಕತೊಡಗಿದೆ. ಅದು ಫಲಿಸಬೇಕಾದರೆ ಒಂದೋ ಇಬ್ಬರೂ ಬಹಳ ಕಾಲ ಬದುಕಬೇಕು, ಇಲ್ಲವೇ ನಾನು ಮೊದಲು ಹೋಗಬೇಕು. ಹರಸಿದವರು ಯಾವುದನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರೋ. ಮುತ್ತೈದೆಯಾಗಿ ಸಾಯುವುದೇ ಪುಣ್ಯ ಎಂದು ನಮ್ಮಜ್ಜಿ ಹೇಳುತ್ತಿದ್ದಳು. ಅವಳು ಮಾತ್ರ ತಾತ ಹೋದ ಮೇಲೆ ಬಹಳ ವರ್ಷ ಬದುಕಿ ಚೆನ್ನಾಗಿ ಇಸ್ಪೀಟು ಆಡಿದಳು. ಯಜಮಾನರು ಅವತ್ತು ಹೋಳಿಗೆ ಬಡಿಸುವಾಗ ನನ್ನ ಮುಖ ನೋಡಿ, ‘ಏನು, ನನ್ನನ್ನ ಕಳಿಸೋ ಯೋಚನೆನಾ?’ ಎಂದರು. ಇಷ್ಟು ವರ್ಷ ಸಂಸಾರ ಮಾಡಿದರೆ ಯೋಚನೆಯೂ ಗುಟ್ಟಾಗಿ ಉಳಿಯುವುದಿಲ್ಲ.

ಮೊಬೈಲಿಗೆ ಪಿಡಿಎಫ್ ಬಂತು. ಅದನ್ನು ತೆರೆಯುವವರು ಯಾರು ಎಂದು ನಮ್ಮಿಬ್ಬರಲ್ಲಿ ಸಣ್ಣ ಜಗಳವಾಯಿತು. ಕಡೆಗೆ ಮಗಳೇ ಅವಳ ಮನೆಯಿಂದ ಓದಿ ಫೋನು ಮಾಡಿದಳು. ‘ಅಮ್ಮಾ, ಫ್ಯಾಟ್ ನೆಕ್ರೋಸಿಸ್. ಕ್ಯಾನ್ಸರ್ ಇಲ್ಲ.’ ಇನ್ನೊಂದು ಸಲ ಓದು ಎಂದೆ. ಓದಿದಳು. ಅಪ್ಪನ ಕೈಗೆ ಫೋನು ಕೊಟ್ಟು, ಅವರಿಗೂ ಓದು ಎಂದೆ.

ಮತ್ತೆ ಬೆಂಗಳೂರು. ಸ್ಕ್ಯಾನಿಂಗ್ ತೋರಿಸಿದ್ದಕ್ಕೂ ಸೂಜಿ ಹೇಳಿದ್ದಕ್ಕೂ ತಾಳೆಯಾಗುತ್ತದೆಯೇ ಎಂದು ಡಾಕ್ಟರು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವುದು ಕ್ರಮ. ಸೂಜಿ ಜಾಗ ತಪ್ಪಿ ಬೇರೆಲ್ಲೋ ಹೊಕ್ಕಿರಬಾರದಲ್ಲ. ತಾಳೆಯಾಯಿತು.

‘ತೆಗೆದುಬಿಡ್ತೀರಾ?’ ಎಂದು ಕೇಳಿದೆ.

‘ಬೇಡ ಅಮ್ಮ. ಅದರ ಪಾಡಿಗೆ ಅದು ಇರಲಿ. 1.4 ಸೆಂಟಿಮೀಟರ್ ಇದೆ, ಫೈಲಲ್ಲಿ ಬರೆದಿದ್ದೀನಿ. ದೊಡ್ಡದಾದರೆ, ಪಕ್ಕದಲ್ಲಿ ಹೊಸದು ಬಂದರೆ ತಕ್ಷಣ ಬನ್ನಿ.’

‘ದೊಡ್ಡದಾಯ್ತು ಅಂತ ಗೊತ್ತಾಗೋಕೆ ದಿನಾ ಮುಟ್ಟಿ ನೋಡಬೇಕಲ್ಲ?’

‘ತಿಂಗಳಿಗೊಂದು ಸಲ. ದಿನಾ ಬೇಡ’ ಎಂದಳು. ಆಮೇಲೆ ಮೊದಲ ಸಲ ಗೋಡೆ ಬಿಟ್ಟು ನನ್ನ ಮುಖ ನೋಡಿ, ‘ದಿನಾ ನೋಡ್ತೀರಿ ಅಂತ ಗೊತ್ತು’ ಎಂದಳು.

ಊರಿಗೆ ಫೋನು ಮಾಡಿದರೆ ನಾದಿನಿ ‘ಏನೂ ಇಲ್ವಾ? ಹಾಗಾದ್ರೆ ಅಷ್ಟು ದೂರ ಎರಡೆರಡು ಸಲ ಹೋಗಿದ್ದು ದಂಡ’ ಎಂದಳು. ಏನೂ ಇಲ್ಲ ಎಂಬುದನ್ನು ತಂದುಕೊಂಡವರಿಗೆ ಅದರ ಬೆಲೆ ಗೊತ್ತು, ಅವಳಿಗೆ ಹೇಗೆ ಹೇಳುವುದು? ಹಾಲಿನಲ್ಲಿ ಕೊಪ್ಪಳದ ಅಜ್ಜಿಯನ್ನು ಹುಡುಕಿದೆ. ಅವರ ದಿನ ಬೇರೆಯಿತ್ತೇನೋ, ಕಾಣಲಿಲ್ಲ.

ಕೌಂಟರಿನ ಹುಡುಗಿ ಆರು ತಿಂಗಳ ಮೇಲಿನ ಮ್ಯಾಮೊಗ್ರಾಂಗೆ ತಾರೀಕು ಬರೆದುಕೊಟ್ಟಳು. ನೋಡಿದರೆ ಅಕ್ಕನ ಮಗಳ ಮದುವೆಯ ದಿನವೇ.

‘ಇದಾಗಲ್ಲಮ್ಮ, ಮುಹೂರ್ತ ಇಟ್ಟಾಗಿದೆ’ ಎಂದೆ.

‘ಹಿಂದಿನ ವಾರ ಕೊಡ್ಲಾ ಆಂಟಿ? ಖಾಲಿ ಇದೆ.’

ಯಜಮಾನರು ಹೂಂ ಅನ್ನಲು ಬಾಯಿ ತೆರೆದಿದ್ದರು. ಅವರ ತೋಳು ಹಿಡಿದು ಹಿಂದಕ್ಕೆಳೆದೆ. ‘ಬೇಡ ಬೇಡ, ಮದುವೆ ಆದ ಮುಂದಿನ ವಾರಕ್ಕೆ ಬರಿ’ ಎಂದೆ. ‘ಮೊದಲು ನೆಮ್ಮದಿಯಾಗಿ ಊಟ ಆಗಲಿ.’